ಗಿಟಾರಿನ ನೆಕ್ ಕಟ್ಟುವುದು: ಒಂದು ಸಪಾಟು ಮುಖದ ಲೆಕ್ಕ

(ಕೊಪ್ಪಳದಲ್ಲಿ ಬಡಿಗತನ ಮಾಡುವವರಿಗೂ ಗಿಟಾರ್ ನುಡಿಸುವವರಿಗೂ ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಅರ್ಧ ಜನ ಬಾಗಿಲು, ಕಿಟಕಿ, ಮಂಚ ಮಾಡುವವರು. ಇನ್ನರ್ಧ ಜನ ಗಿಟಾರ್ ನುಡಿಸುವವರು. ಒಬ್ಬರಿಗೆ ಮರ ಗೊತ್ತು, ಇನ್ನೊಬ್ಬರಿಗೆ ವಾದ್ಯ ಗೊತ್ತು. ಈ ಎರಡೂ ಕೂಡದೆ ನೆಕ್ ಆಗುವುದಿಲ್ಲ. ಆದ್ದರಿಂದ ಎರಡೂ ಕಡೆಯವರಿಗೆ ಅರ್ಥವಾಗುವ ಹಾಗೆ ಹೇಳುತ್ತೇವೆ. ವೀಣೆಯಲ್ಲಿ ದಂಡಿ ಅನ್ನುತ್ತೇವಲ್ಲ, ಗಿಟಾರಿನಲ್ಲಿ ಅದರ ಜಾಗದಲ್ಲಿ ಇರುವುದೇ ನೆಕ್. ಒಂದು ದೊಡ್ಡ ವ್ಯತ್ಯಾಸವಿದೆ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಸ್ವರ ತಪ್ಪಿದರೆ ಮೇಣ ಬಿಸಿ ಮಾಡಿ ಸರಿಸಬಹುದು. ಗಿಟಾರಿನ ಮೆಟ್ಟಿಲು, ಅಂದರೆ ಫ್ರೆಟ್ಟು, ಮರದೊಳಗೆ ಹೊಡೆದು ಕೂರಿಸಿದ್ದು. ಗೀಟು ಎಲ್ಲಿ ಕೊಯ್ದಿರೋ ಸ್ವರ ಅಲ್ಲೇ.

ಸ್ಟೀಲ್ ತಂತಿಯ ಅಕೂಸ್ಟಿಕ್ ಗಿಟಾರಿಗೆ ಸಾಮಾನ್ಯವಾಗಿ ಹಾಕುವ 12ರಿಂದ 53ರ ಸೆಟ್ಟು (ಇಂಚಿನ ಸಾವಿರದ ಭಾಗದಲ್ಲಿ ತಂತಿಯ ದಪ್ಪ) ಸ್ವರಕ್ಕೆ ಏರಿದಾಗ, ಆರೂ ತಂತಿ ಸೇರಿ ನೆಕ್ಕನ್ನು ಎಳೆಯುವ ಬಲ 70ರಿಂದ 75 ಕಿಲೊ. ಒಂದೂವರೆ ಚೀಲ ಸಿಮೆಂಟಿನ ಭಾರ ಹಗಲೂ ರಾತ್ರಿ ಜೋತುಬಿದ್ದ ಹಾಗೆ. ಆ ಎಳೆತದಲ್ಲಿ ನೆಕ್ಕು ಬಾಗಬೇಕಾದದ್ದು ಎಷ್ಟು? ಏಳನೆಯ ಫ್ರೆಟ್ಟಿನ ಹತ್ತಿರ 0.1ರಿಂದ 0.25 ಮಿಲಿಮೀಟರ್. ಅಷ್ಟು ಬೇಕು, ತಂತಿ ಅಲುಗಾಡಲು ಜಾಗ ಬೇಕಲ್ಲ. ಅದು ಅರ್ಧ ಮಿಲಿಮೀಟರ್ ದಾಟಿದರೆ ಬೆರಳು ನೋಯುತ್ತದೆ. ಹಿಂದಕ್ಕೆ ಬಾಗಿದರೆ ತಂತಿ ಫ್ರೆಟ್ಟಿಗೆ ತಗುಲಿ ಝರ್ರ್ ಅನ್ನುತ್ತದೆ.

ಇವತ್ತು ಹೇಳುವುದೆಲ್ಲ ಒಂದೇ ಮಾತಿನ ಸುತ್ತ ಇದೆ. ನೆಕ್ಕಿಗೆ ಒಂದು ಸಪಾಟು ಮುಖ ಇರುತ್ತದೆ, ಫ್ರೆಟ್‌ಬೋರ್ಡ್ (ಫ್ರೆಟ್ಟುಗಳು ಕೂರುವ ತೆಳು ಹಲಗೆ) ಅಂಟಿಸುವ ಮೇಲ್ಮುಖ. ಎಲ್ಲ ಅಳತೆಯೂ ಆ ಮುಖದಿಂದಲೇ ಹೊರಡಬೇಕು. ದುಂಡಗೆ ಮಾಡುವ ಕೆಲಸ ಎಲ್ಲಕ್ಕಿಂತ ಕೊನೆಗೆ. ಹೊಸಬರು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಅವಸರಕ್ಕೆ ಬಿದ್ದು ಹಿಂಭಾಗವನ್ನು ಮೊದಲೇ ಕೆತ್ತಿದ್ದರಿಂದ ಆದವು. ಕೆತ್ತಿದ ಮೇಲೆ ಬೆಂಚಿನ ಮೇಲೆ ಕೂರುವುದಿಲ್ಲ, ಕ್ಲಾಂಪು ಹಿಡಿಯುವುದಿಲ್ಲ, ಮೂಲಮಟ್ಟ (ಲಂಬ ಕೋನ ನೋಡುವ ಸಾಧನ) ಇಡಲು ಜಾಗವೇ ಇರುವುದಿಲ್ಲ.

ಮರದ ಮಾತು

ಪ್ರಪಂಚದಲ್ಲಿ ಅಕೂಸ್ಟಿಕ್ ಗಿಟಾರಿನ ನೆಕ್ಕಿಗೆ ಬಹಳ ಬಳಕೆಯಲ್ಲಿರುವುದು ಮಹಾಗನಿ. ನಮ್ಮಲ್ಲಿಯೂ ಮಹಾಗನಿ ನೆಡುತ್ತಾರೆ, ಸಾಮಿಲ್ಲಿನಲ್ಲಿ ಸಿಗುತ್ತದೆ. ಹದವಾದ ತೂಕ, ಉಳಿಗೆ ಒಗ್ಗುತ್ತದೆ, ಒಣಗಿದ ಮೇಲೆ ಹೆಚ್ಚು ಆಟ ಆಡುವುದಿಲ್ಲ. ಎರಡನೆಯ ಆಯ್ಕೆ ಸಾಗವಾನಿ. ಗಟ್ಟಿ, ನಂಬಿಕಸ್ತ ಮರ. ಆದರೆ ಮೂರು ತೊಂದರೆ ಹೇಳಲೇಬೇಕು. ಮಹಾಗನಿಗಿಂತ ತೂಕ ಹೆಚ್ಚು, ಹಾಗಾಗಿ ಗಿಟಾರಿನ ತಲೆ ಕೆಳಗೆ ಜಗ್ಗುತ್ತದೆ. ಅದರೊಳಗೆ ಮರಳಿನಂಥ ಸಿಲಿಕಾ ಇದೆ, ರಂದಾದ (ಮರ ಕೀಸಿ ನುಣುಪು ಮಾಡುವ ಸಾಧನ) ಬ್ಲೇಡು ಬೇಗ ಮೊಂಡಾಗುತ್ತದೆ. ಮೂರನೆಯದು ಎಣ್ಣೆ: ಅಂಟು ಹಿಡಿಯಬೇಕಾದರೆ ಹೊಸದಾಗಿ ರಂದಾ ಹೊಡೆದು, ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಅಂಟಿಸಬೇಕು. ಮರುದಿನಕ್ಕೆ ಬಿಟ್ಟರೆ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ.

ಈ ಭಾಗದಲ್ಲಿ ಹಳೆಯ ಮನೆ ಕೆಡವಿದಾಗ ಬಾಗಿಲು ಚೌಕಟ್ಟು ಸಿಗುತ್ತವೆ. ನಾಲ್ಕು ಇಂಚಿಗೆ ಮೂರು ಇಂಚಿನ ಹಳೆಯ ಸಾಗವಾನಿ ಚೌಕಟ್ಟು ಸಿಕ್ಕರೆ ಬಿಡಬೇಡಿ. ಹತ್ತಾರು ವರ್ಷ ಬಿಸಿಲು ಮಳೆ ಕಂಡು ಅದು ಆಡುವ ಆಟವನ್ನೆಲ್ಲ ಆಡಿ ಮುಗಿಸಿರುತ್ತದೆ. ಕೊಯ್ಯುವ ಮುಂಚೆ ನಾಲ್ಕೂ ಮುಖದ ಮೇಲೆ ಆಯಸ್ಕಾಂತ ಆಡಿಸಿ ನೋಡಿ. ಮುರಿದ ಮೊಳೆ ಒಂದಿದ್ದರೆ ಗರಗಸದ ಹಲ್ಲು ಹೋಗುತ್ತದೆ.

ಯಾವ ಮರ ಅನ್ನುವುದಕ್ಕಿಂತ ಎಳೆ ಹೇಗಿದೆ ಅನ್ನುವುದು ದೊಡ್ಡದು. ತುಂಡಿನ ತುದಿ ನೋಡಿ. ಬೆಳವಣಿಗೆಯ ಗೆರೆಗಳು ಸಪಾಟು ಮುಖಕ್ಕೆ ಲಂಬವಾಗಿ, ಅಂದರೆ ನೆಟ್ಟಗೆ ನಿಂತಿರಬೇಕು. ಮಲಗಿದ್ದರೆ ಆ ತುಂಡು ಹವೆ ಬದಲಾದಾಗಲೆಲ್ಲ ದೋಣಿಯ ಹಾಗೆ ಬಾಗುತ್ತದೆ. ಮಲಗಿದ ಗೆರೆಯ ದಪ್ಪ ಹಲಗೆಯೇ ಸಿಕ್ಕಿತು ಅಂದುಕೊಳ್ಳಿ, ಅದರಿಂದಲೂ ದಾರಿ ಇದೆ: 75 ಮಿ.ಮೀ. ದಪ್ಪದ ಹಲಗೆಯಿಂದ 22 ಮಿ.ಮೀ. ಪಟ್ಟಿ ಸೀಳಿ, ಆ ಪಟ್ಟಿಯನ್ನು ಮಗ್ಗುಲಿಗೆ ಹೊರಳಿಸಿದರೆ ಗೆರೆ ತಾನಾಗಿ ನೆಟ್ಟಗಾಗುತ್ತದೆ. ಇನ್ನು ಪಕ್ಕದ ಮುಖ ನೋಡಿ. ಎಳೆ ಈ ತುದಿಯಿಂದ ಆ ತುದಿಗೆ ಸಮನಾಗಿ ಓಡಬೇಕು. ನಡುವೆ ಮಗ್ಗುಲಿಗೆ ಇಳಿದು ಹೊರಗೆ ಹೋದರೆ ಆ ಜಾಗದಲ್ಲಿ ನೆಕ್ಕು ಸೀಳುತ್ತದೆ. ಗಂಟು ಇದ್ದರೆ ಅದು ಮೊಳೆಗಾತ್ರದ್ದಾದರೂ ಬೇಡ.

ನಮ್ಮ ಕಿನ್ನಾಳದ ಗೊಂಬೆಗಳ ಮರದ ಬಗ್ಗೆ ಯಾರಾದರೂ ಕೇಳೇ ಕೇಳುತ್ತಾರೆ, ಈಗಲೇ ಹೇಳಿಬಿಡುತ್ತೇವೆ. ಆ ಮರ ಹಗುರ, ಮೃದು, ಕೆತ್ತಲು ಹಿತ. ಗೊಂಬೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ 70 ಕಿಲೊ ಎಳೆತಕ್ಕೆ ಅದು ನಿಲ್ಲುವುದಿಲ್ಲ. ಆ ಗೊಂಬೆ ಮಾಡುವ ಚಿತ್ರಗಾರರು ಉಳಿ ಹಿಡಿಯುವ ರೀತಿಯನ್ನು ಕಲಿಯಿರಿ, ಮರವನ್ನಲ್ಲ.

ಫ್ರೆಟ್‌ಬೋರ್ಡಿಗೆ ಬೀಟೆ ಅಥವಾ ಎಬೊನಿ. ಬೀಟೆಯನ್ನು ಬಿಲ್ಲು ಇಲ್ಲದೆ ತೆಗೆದುಕೊಳ್ಳಬೇಡಿ. ಆ ಜಾತಿಯ ಮರಗಳೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು, ಕಚ್ಚಾ ಮರಕ್ಕಲ್ಲ.

ಒಣಗಿಸುವುದು

ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇವೆ. ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ನೆಕ್ ಕೆಡುವುದಕ್ಕೆ ಮೊದಲ ಕಾರಣ ಇದೇ.

ಮರ ಎಂದೂ ಪೂರ್ತಿ ಒಣಗುವುದಿಲ್ಲ. ಸುತ್ತಲಿನ ಗಾಳಿಯ ಜೊತೆ ಕೊಡು-ಕೊಳ್ಳುವುದು ನಡೆಸುತ್ತಲೇ ಇರುತ್ತದೆ. ನಮ್ಮ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ, 40 ಡಿಗ್ರಿ ಬಿಸಿಲು, ಗಾಳಿಯ ತೇವ ಶೇಕಡಾ 25 ಇದ್ದಾಗ ಮರದೊಳಗಿನ ತೇವ ಶೇಕಡಾ 5ರ ಹತ್ತಿರ ಇಳಿಯಲು ನೋಡುತ್ತದೆ. ಮಳೆಗಾಲದಲ್ಲಿ 28 ಡಿಗ್ರಿ, ಗಾಳಿಯ ತೇವ ಶೇಕಡಾ 75 ಇದ್ದರೆ ಅದೇ ಮರ ಶೇಕಡಾ 14ರ ಕಡೆಗೆ ಏರುತ್ತದೆ. ಆಗಸ್ಟಿನಲ್ಲಿ ಅಂಟಿಸಿದ ಫ್ರೆಟ್‌ಬೋರ್ಡು ಮೇ ತಿಂಗಳಿಗೆ ಅಗಲದಲ್ಲಿ ಅರ್ಧ ಮಿಲಿಮೀಟರ್ ಆಸುಪಾಸು ಕುಗ್ಗಬಹುದು. ಫ್ರೆಟ್ಟು ಲೋಹ, ಅದು ಕುಗ್ಗುವುದಿಲ್ಲ. ಆಗ ಎರಡೂ ಕಡೆ ಫ್ರೆಟ್ಟಿನ ತುದಿ ಹೊರಗೆ ಬರುತ್ತದೆ. ಕಾಲು ಮಿಲಿಮೀಟರ್ ಹೊರಬಂದರೂ ಅಂಗೈಗೆ ಗರಗಸ ಸವರಿದ ಹಾಗಾಗುತ್ತದೆ.

ಆದ್ದರಿಂದ ಬಿರುಬೇಸಿಗೆಯೂ ಬೇಡ, ಜೋರು ಮಳೆಯೂ ಬೇಡ. ಎರಡರ ನಡುವಿನ ಹವೆ ನೋಡಿ, ಗಾಳಿಯ ತೇವ ಶೇಕಡಾ 40ರಿಂದ 50 ಇರುವ ದಿನಗಳಲ್ಲಿ ಅಂಟಿಸುವ ಕೆಲಸ ಇಟ್ಟುಕೊಳ್ಳಿ. ತೇವ ತೋರಿಸುವ ಸಣ್ಣ ಡಿಜಿಟಲ್ ಮೀಟರು ಒಂದನ್ನು ಕೆಲಸದ ಕೋಣೆಯ ಗೋಡೆಗೆ ಹಾಕಿ.

ಮರ ಒಣಗಿದೆಯೋ ಇಲ್ಲವೋ ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ನೆಕ್ಕಿಗೆ ಬೇಕಾದ ಪಟ್ಟಿ 75 ಮಿ.ಮೀ. ಅಗಲ, 22 ಮಿ.ಮೀ. ದಪ್ಪ, 1.1 ಮೀಟರ್ ಉದ್ದ. ದಂಡ (ನೆಕ್ಕಿನ ಉದ್ದ ಭಾಗ), ತಲೆ, ಹಿಮ್ಮಡಿಯ (ಶರೀರಕ್ಕೆ ಸೇರುವ ದಪ್ಪ ಭಾಗ) ತುಂಡುಗಳು ಎಲ್ಲವೂ ಅದರಲ್ಲೇ ಬರುತ್ತವೆ. ಮಹಾಗನಿಯಾದರೆ ಇದು ಸುಮಾರು 1 ಕಿಲೊ ತೂಗುತ್ತದೆ. ಶೇಕಡಾ 1ರಷ್ಟು ತೇವ ಹೋಯಿತು ಅಂದರೆ ತೂಕ ಸುಮಾರು 9 ಗ್ರಾಂ ಇಳಿಯಿತು ಅಂತ. ಪ್ರತಿ ಭಾನುವಾರ ತೂಗಿ, ತೂಕವನ್ನು ಮರದ ಮೇಲೆಯೇ ಪೆನ್ಸಿಲಿನಲ್ಲಿ ಬರೆಯಿರಿ. ಮೂರು ವಾರ ಸತತವಾಗಿ ಎರಡು ಮೂರು ಗ್ರಾಮಿಗಿಂತ ಹೆಚ್ಚು ಬದಲಾಗದಿದ್ದರೆ ಕೆಲಸ ಶುರುಮಾಡಬಹುದು. ತಗಡಿನ ಶೀಟಿನ ಕೆಳಗೆ ಇಡಬೇಡಿ, ತುದಿ ಬಿರಿಯುತ್ತದೆ. ಮಲಗುವ ಕೋಣೆಯ ಅಟ್ಟ ಒಳ್ಳೆಯ ಜಾಗ. ಪಟ್ಟಿಯ ಕೆಳಗೆ ಎರಡು ರೀಪು ಕೊಟ್ಟು ಎಲ್ಲ ಕಡೆ ಗಾಳಿ ಆಡಲು ಬಿಡಿ.

ತಲೆಯ ಓರೆ ಜೋಡಣೆ

ಗಿಟಾರಿನ ತಲೆ ಹಿಂದಕ್ಕೆ ಬಾಗಿರುತ್ತದೆ, 13ರಿಂದ 15 ಡಿಗ್ರಿ. ಆ ಬಾಗು ಇದ್ದರೇ ತಂತಿ ನಟ್ಟಿನ (ತಲೆಯ ಬುಡದಲ್ಲಿ ತಂತಿಗಳನ್ನು ಹೊರುವ ಸಣ್ಣ ಪಟ್ಟಿ) ಮೇಲೆ ಒತ್ತಿ ಕೂರುವುದು. ಒಂದೇ ದಪ್ಪ ಮರದಿಂದ ಈ ಬಾಗನ್ನು ಕಡಿದು ತೆಗೆಯಬಹುದು. ಆದರೆ ಆಗ ತಲೆಯಲ್ಲಿ ಎಳೆ ಅಡ್ಡ ತುಂಡಾಗುತ್ತದೆ, ಗಿಟಾರ್ ಗೋಡೆಯಿಂದ ಜಾರಿ ಬಿದ್ದ ದಿನ ನಟ್ಟಿನ ಹಿಂದೆಯೇ ಮುರಿಯುತ್ತದೆ. ಓರೆಯಾಗಿ ಕೊಯ್ದು, ತುಂಡನ್ನು ಹೊರಳಿಸಿ ಅಂಟಿಸಿದರೆ ತಲೆಯಲ್ಲಿಯೂ ಎಳೆ ಉದ್ದಕ್ಕೆ ಓಡುತ್ತದೆ, ಮರವೂ ಉಳಿಯುತ್ತದೆ.

ಮೊದಲು ಪಟ್ಟಿಯನ್ನು ನಾಲ್ಕೂ ಕಡೆ ರಂದಾ ಹೊಡೆದು 20 ಮಿ.ಮೀ.ಗೆ ತನ್ನಿ. ಪಕ್ಕದ ಮುಖದ ಮೇಲೆ 15 ಡಿಗ್ರಿಯ ಗೀಟು ಎಳೆಯಿರಿ. 20 ಮಿ.ಮೀ. ದಪ್ಪಕ್ಕೆ ಆ ಓರೆ ಉದ್ದದ ಮೇಲೆ 74.6 ಮಿ.ಮೀ. ಹರಡುತ್ತದೆ, ಕೋನಮಾಪಕ ಇಲ್ಲದಿದ್ದರೆ 20ಕ್ಕೆ 74.6 ಅಂತ ಎರಡು ಚುಕ್ಕೆ ಇಟ್ಟು ಸೇರಿಸಿ, ಅಷ್ಟೇ. ಗರಗಸದ ಕೊಯ್ತ ಸ್ವಲ್ಪ ಅಂಕುಡೊಂಕಾದರೆ ಚಿಂತೆ ಬೇಡ. ಕೊಯ್ದ ತುಂಡನ್ನು ದಂಡದ ಮೇಲೆ ಹೊರಳಿಸಿ ಇಡಿ, ಎರಡರ ಓರೆಯೂ ಕೂಡಿ ಒಂದೇ ಇಳಿಜಾರು ಆಗುವ ಹಾಗೆ. ಎರಡನ್ನೂ ಕೂಡಿಸಿ ಬೆಂಚಿಗೆ ಕ್ಲಾಂಪ್ ಹಾಕಿ ಒಟ್ಟಿಗೇ ರಂದಾ ಹೊಡೆಯಿರಿ. ಕೆಳಗಿನ ತುಂಡಿನ ಚೂಪು ಅಂಚು ಬೆಂಚಿನ ತುದಿಗೆ ಸರಿಯಾಗಿ ಕೂತಿರಲಿ, ಇಲ್ಲದಿದ್ದರೆ ಆ ತೆಳು ಅಂಚು ರಂದಾಕ್ಕೆ ಸಿಕ್ಕು ಕಿತ್ತು ಬರುತ್ತದೆ. ಮೂಲಮಟ್ಟ ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ. ಕೆಳಗಿನಿಂದ ಬೆಳಕು ತೂರಬಾರದು.

ಅಂಟಿಸುವಾಗ ಎರಡು ಕಡೆ ಎಡವುತ್ತಾರೆ. ಒಂದು, ಓರೆ ಮುಖದಲ್ಲಿ ಎಳೆಯ ಬಾಯಿ ತೆರೆದಿರುತ್ತದೆ, ಅಂಟನ್ನು ಕುಡಿದುಬಿಡುತ್ತದೆ. ಮೊದಲು ತೆಳುವಾಗಿ ಒಂದು ಕೈ ಬಳಿದು ಐದು ನಿಮಿಷ ಬಿಟ್ಟು, ಆಮೇಲೆ ಎರಡನೆಯ ಕೈ ಬಳಿಯಿರಿ. ಎರಡು, ಕ್ಲಾಂಪು ಬಿಗಿದ ಕೂಡಲೇ ಓರೆ ತುಂಡುಗಳು ಒಂದರ ಮೇಲೊಂದು ಜಾರುತ್ತವೆ. ಅಂಟು ಎಣ್ಣೆಯ ಹಾಗೆ ಜಾರಿಸುತ್ತದೆ, ಕಣ್ಣೆದುರಿಗೇ ತಲೆ ಎರಡು ಮಿಲಿಮೀಟರ್ ಮುಂದೆ ಹೋಗುತ್ತದೆ. ಅಂಟು ಹಚ್ಚುವ ಮುಂಚೆಯೇ ಒಣದಾಗಿ ಜೋಡಿಸಿ, ಮುಂದೆ ಕೊಯ್ದು ಹೋಗುವ ಅಂಚಿನ ಭಾಗದಲ್ಲಿ ಎರಡು ತೂತು ಕೊರೆದು ಬಿದಿರಿನ ಕಡ್ಡಿ ಹಾಕಿ ನೋಡಿ. ಅಂಟು ಹಚ್ಚಿದ ಮೇಲೆ ಮೊದಲು ಕಡ್ಡಿ, ಆಮೇಲೆ ಕ್ಲಾಂಪು. ಎರಡು ಹರಳು ಪುಡಿ ಉಪ್ಪು ಉದುರಿಸಿದರೂ ಜಾರುವುದು ನಿಲ್ಲುತ್ತದೆ, ಆದರೆ ಕಡ್ಡಿಯೇ ನಂಬಿಕೆಯದು. ಕ್ಲಾಂಪಿನ ಬಾಯಿಗೆ ಬಳ್ಳಾರಿಯ ಜೀನ್ಸ್ ಬಟ್ಟೆಯ ತುಂಡು ಮಡಿಸಿ ಕೊಡಿ, ಮರಕ್ಕೆ ಗುರುತು ಬೀಳುವುದಿಲ್ಲ. ಅಂಚಿನಲ್ಲಿ ಅಂಟು ಸಣ್ಣ ಮಣಿಗಳಾಗಿ ಸಾಲಾಗಿ ಹೊರಬಂದರೆ ಬಿಗಿ ಸರಿ ಇದೆ. ಧಾರೆಯಾಗಿ ಹರಿದರೆ ಹೆಚ್ಚು ಬಿಗಿದಿರಿ, ಒಳಗೆ ಅಂಟೇ ಉಳಿಯುವುದಿಲ್ಲ. ಒಂದು ದಿನ ಪೂರ್ತಿ ಮುಟ್ಟಬೇಡಿ.

ಯಾವ ಅಂಟು? ಪ್ಲೈವುಡ್ ಕೆಲಸದ ಮಾಮೂಲಿ ಬಿಳಿ ಅಂಟು ಗಟ್ಟಿಯೇ. ಆದರೆ ಬಿಸಿಗೆ ಮೆತ್ತಗಾಗಿ, ಎಳೆತಕ್ಕೆ ನಿಧಾನವಾಗಿ ಜಾರುವ ಗುಣ ಅದಕ್ಕಿದೆ. ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ 60 ಡಿಗ್ರಿ ದಾಟುತ್ತದೆ. ಹಾಗಾಗಿ ತಲೆ ಮತ್ತು ಹಿಮ್ಮಡಿಗೆ ವಾದ್ಯ ಮಾಡುವವರು ಬಳಸುವ ಹಳದಿ ಅಂಟು ಅಥವಾ ಬಿಸಿ ಸರೇಸು ಉತ್ತಮ. ಫ್ರೆಟ್‌ಬೋರ್ಡಿಗೆ ಬೇರೆ, ಅದನ್ನು ಮುಂದೆ ಹೇಳುತ್ತೇವೆ.

ಹಿಮ್ಮಡಿ, ಕೂರು, ರಾಡು

ನೆಕ್ಕು ಶರೀರಕ್ಕೆ ಸೇರುವ ದಪ್ಪ ಭಾಗಕ್ಕೆ ಹಿಮ್ಮಡಿ ಅಂದೆವಲ್ಲ. ಅದೇ ಪಟ್ಟಿಯಿಂದ 95 ಮಿ.ಮೀ. ಉದ್ದದ ನಾಲ್ಕು ತುಂಡು ಕೊಯ್ದು ಒಂದರ ಕೆಳಗೊಂದು ಅಂಟಿಸಿದರೆ, ದಂಡ ಸೇರಿ 100 ಮಿ.ಮೀ. ಎತ್ತರ ಬರುತ್ತದೆ. ಶರೀರದ ಆಳ ಅಲ್ಲಿ ಸುಮಾರು 95 ಇರುತ್ತದೆ, ಸಾಕು. ಪ್ರತಿ ತುಂಡಿನ ಎಳೆಯ ದಿಕ್ಕು ಒಂದೇ ಇರಲಿ, ಕೆತ್ತುವಾಗ ಉಳಿ ಸಿಡಿಯುವುದಿಲ್ಲ.

ಶರೀರಕ್ಕೆ ಸೇರಿಸಲು ಪಾರಿವಾಳದ ಬಾಲದ ಜೋಡಣೆ ಹಳೆಯ ಪದ್ಧತಿ. ಚೆಂದವೂ ಹೌದು. ಆದರೂ ಮನೆಯಲ್ಲಿ ಮೊದಲ ನೆಕ್ಕು ಮಾಡುವವರಿಗೆ ನೇರ ಕೂರು (ಶರೀರದ ಗಾಡಿಯೊಳಗೆ ಹೋಗುವ ಮರದ ನಾಲಿಗೆ) ಮತ್ತು ಬೋಲ್ಟು ಸಾಕು ಅನ್ನುವುದು ನಮ್ಮ ಖಚಿತ ಅಭಿಪ್ರಾಯ. ಹತ್ತು ವರ್ಷದ ಮೇಲೆ ನೆಕ್ಕಿನ ಕೋನ ತಿದ್ದಬೇಕಾದಾಗ ಎರಡು ಬೋಲ್ಟು ಬಿಚ್ಚಿದರೆ ಆಯಿತು. ಕೂರು 20 ಮಿ.ಮೀ. ಅಗಲ, 20 ಮಿ.ಮೀ. ಮುಂಚಾಚು, 75 ಮಿ.ಮೀ. ಎತ್ತರ, 6 ಮಿ.ಮೀ.ಯ ಎರಡು ಬೋಲ್ಟು. ಒಂದು ಎಚ್ಚರಿಕೆ: ಬೋಲ್ಟು ಹಿಡಿಯುವ ಹಿತ್ತಾಳೆ ಇನ್ಸರ್ಟನ್ನು ಕೂರಿನ ತುದಿಗೆ ಸುಮ್ಮನೆ ತಿರುಗಿಸಬೇಡಿ. ಅಲ್ಲಿ ಮರದ ಎಳೆ ಉದ್ದಕ್ಕೆ ಇರುವುದರಿಂದ ಹಿಡಿತ ಇರುವುದಿಲ್ಲ, ಬಿಗಿಯುತ್ತಾ ಹೋದರೆ ಪುಡಿ ಸಮೇತ ಕಿತ್ತು ಬರುತ್ತದೆ. ಕೂರಿನ ಮಗ್ಗುಲಿನಿಂದ 12 ಮಿ.ಮೀ.ಯ ಗಟ್ಟಿ ಮರದ ಗೂಟ ಅಡ್ಡ ಹಾಕಿ ಅಂಟಿಸಿ, ಇನ್ಸರ್ಟು ಆ ಗೂಟದೊಳಗೆ ಹೋಗಲಿ.

ಕೂರಿನ ಭುಜ ಸಪಾಟು ಮುಖಕ್ಕೆ ಪೂರ್ತಿ ಲಂಬವಲ್ಲ. ಹಿಮ್ಮಡಿಯ ಕೆಳತುದಿ ಒಳಕ್ಕೆ ಒಂದು, ಒಂದೂವರೆ ಡಿಗ್ರಿ ಸರಿದಿರಬೇಕು. 95 ಮಿ.ಮೀ. ಎತ್ತರದಲ್ಲಿ 1 ಡಿಗ್ರಿ ಅಂದರೆ 1.7 ಮಿ.ಮೀ. ಇದನ್ನು ಅಂದಾಜಾಗಿ ಕೊಯ್ದು ಇಡಿ, ಕೊನೆಗೆ ಶರೀರದ ಮೇಲೆ ಕೂರಿಸಿ ತಿದ್ದುವುದಿದೆ.

ಈಗ ರಾಡು. ನೆಕ್ಕಿನ ಬಾಗನ್ನು ತಿದ್ದಲು ಅದರೊಳಗೆ ಕೂರಿಸುವ ಲೋಹದ ಸರಳು ಇದು. ಎರಡೂ ಕಡೆ ಕೆಲಸ ಮಾಡುವ ಟ್ರಸ್ ರಾಡನ್ನು ಮೊದಲು ತರಿಸಿಕೊಳ್ಳಿ. ಅದು ಕೈಗೆ ಬಂದು ಅಳೆಯುವವರೆಗೆ ಗ್ರೂವ್ ಹೊಡೆಯಬೇಡಿ. ಸಾಮಾನ್ಯವಾಗಿ 6 ಮಿ.ಮೀ. ಅಗಲ, 9ರಿಂದ 10 ಮಿ.ಮೀ. ಆಳ. ಟ್ರಿಮ್ಮರಿನಲ್ಲಿ 6 ಮಿ.ಮೀ. ಬಿಟ್ ಹಾಕಿ, ಒಂದೇ ಸಲಕ್ಕೆ ಇಳಿಸದೆ ಮೂರು ಮೂರು ಮಿಲಿಮೀಟರಾಗಿ ಹೋಗಿ. ಗೈಡು ನೆಕ್ಕಿನ ಪಕ್ಕಕ್ಕೆ ಒರಗಿ ಓಡುತ್ತದೆ. ಅದಕ್ಕೇ ಈ ಹಂತದವರೆಗೆ ಪಕ್ಕಗಳು ಸಮಾನಾಂತರವಾಗಿಯೇ ಇರಬೇಕು, ಓರೆ ಮಾಡಿದ ಮೇಲೆ ಗ್ರೂವ್ ನಡುವಿಗೆ ಬರುವುದಿಲ್ಲ. ಕರೆಂಟು ಇಲ್ಲದಿದ್ದರೆ ಚಾಕುವಿನಿಂದ ಎರಡು ಗೀಟು ಆಳವಾಗಿ ಕೊಯ್ದು 6 ಮಿ.ಮೀ. ಉಳಿಯಿಂದ ತೆಗೆಯಬಹುದು, ಒಂದು ಮಧ್ಯಾಹ್ನದ ಕೆಲಸ. ರಾಡು ಬೆರಳೊತ್ತಿಗೆ ಕೂರಬೇಕು. ಗ್ರೂವ್ ಆಳ ಹೆಚ್ಚಾದರೆ ರಾಡು ಒಳಗೆ ಕಂಪಿಸಿ ಯಾವುದೋ ಒಂದು ಸ್ವರಕ್ಕೆ ಗುಂಯ್ ಅನ್ನುತ್ತದೆ, ಆಗ ಆ ಸದ್ದು ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದೇ ಕಷ್ಟ. ಎರಡು ಮೂರು ಕಡೆ ಸಿಲಿಕಾನ್ ಚುಕ್ಕೆ ಇಟ್ಟರೆ ಸಾಕು. ರಾಡನ್ನು ಅಂಟಿಸಬಾರದು, ಅದು ಆಡಬೇಕು. ರಾಡನ್ನು ತಿರುಗಿಸುವ ತಿರುಪು ಶರೀರದ ಕಡೆ ಇರಲಿ. ತಲೆಯ ಕಡೆ ಇಟ್ಟರೆ ತಂತಿ ಕೂರುವ ನಟ್ಟಿನ ಮೊದಲೇ ಬಡವಾದ ಹಿಂಭಾಗವನ್ನು ಇನ್ನಷ್ಟು ಕೊರೆದಂತಾಗುತ್ತದೆ.

ಫ್ರೆಟ್‌ಬೋರ್ಡ್

ಶರೀರದ ಮೇಲೆ ಅಂಟಿಸಿದ, ತಂತಿ ಕಟ್ಟುವ ಮರದ ತುಂಡು ಬ್ರಿಜ್ಜು, ಅದರ ಮೇಲೆ ತಂತಿ ಹೊರುವ ಸಣ್ಣ ಪಟ್ಟಿ ಸ್ಯಾಡಲ್ಲು. ನಟ್ಟಿನಿಂದ ಬ್ರಿಜ್ಜಿನ ಸ್ಯಾಡಲ್ಲಿನವರೆಗಿನ ಲೆಕ್ಕದ ಉದ್ದ 645 ಮಿ.ಮೀ. ಇಟ್ಟುಕೊಳ್ಳೋಣ. ಇದನ್ನು ಫ್ರೆಟ್ಟಿನ ಲೆಕ್ಕದ ಸ್ಥಿರ ಸಂಖ್ಯೆ 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ಟಿನ ದೂರ: 36.20. ಉಳಿದ 608.80ನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ 34.17, ಕೂಡಿಸಿದರೆ ಎರಡನೆಯ ಫ್ರೆಟ್ಟು ನಟ್ಟಿನಿಂದ 70.37. ಹೀಗೆ ಮುಂದೆ. ಐದನೆಯದು 161.80, ಹನ್ನೆರಡನೆಯದು ಸರಿಯಾಗಿ ಅರ್ಧ, 322.50. ಅದು ಅರ್ಧಕ್ಕೆ ಬರದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ. ಶರೀರ ಶುರುವಾಗುವ ಹದಿನಾಲ್ಕನೆಯದು 357.68, ಇಪ್ಪತ್ತನೆಯದು 441.84.

ಗುರುತು ಹಾಕುವಾಗ ಪ್ರತಿ ಫ್ರೆಟ್ಟನ್ನೂ ನಟ್ಟಿನಿಂದಲೇ ಅಳೆಯಿರಿ. ಒಂದರಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋದರೆ ಪ್ರತಿ ಸಲ 0.1 ಮಿ.ಮೀ. ತಪ್ಪಿದರೂ ಹನ್ನೆರಡಕ್ಕೆ ಬರುವಾಗ ಒಂದು ಮಿಲಿಮೀಟರ್ ದಾಟಿರುತ್ತದೆ, ಶ್ರುತಿ ಹಾಳಾಗುತ್ತದೆ. ಪೆನ್ಸಿಲು ಬೇಡ, ಚೂಪಾದ ಚಾಕು. ಸ್ಟೀಲ್ ಸ್ಕೇಲನ್ನು ಟೇಪಿನಿಂದ ಬೋರ್ಡಿಗೆ ಅಂಟಿಸಿಬಿಡಿ, ಇಪ್ಪತ್ತೂ ಗುರುತು ಮುಗಿಯುವವರೆಗೆ ಅದು ಕದಲಬಾರದು.

ಗೀಟಿನ ಅಗಲ ಫ್ರೆಟ್ ತಂತಿಯ ಕಾಲಿಗೆ ಹೊಂದಬೇಕು, ಸಾಮಾನ್ಯವಾಗಿ 0.6 ಮಿ.ಮೀ. ಅಷ್ಟೇ ಅಗಲ ಕೊಯ್ಯುವ ಸಣ್ಣ ಗರಗಸ ಬೇಕು. ಮೋಟಾರ್ ಸೈಕಲ್ ಮೆಕ್ಯಾನಿಕ್ ಹತ್ತಿರ ಇರುವ ಫೀಲರ್ ಗೇಜಿನ ಎಲೆ ತೂರಿಸಿ ಅಳೆಯಬಹುದು. ಬೋರ್ಡಿನದೇ ಕೊಯ್ದ ತುಂಡಿನ ಮೇಲೆ ಮೂರು ಗೀಟು ಕೊಯ್ದು ಫ್ರೆಟ್ಟು ಹೊಡೆದು ನೋಡಿ. ಗೀಟು ಸಡಿಲವಾದರೆ ಫ್ರೆಟ್ಟಿನ ತುದಿ ಎದ್ದೇಳುತ್ತದೆ. ಬಿಗಿಯಾದರೆ ಇನ್ನೂ ದೊಡ್ಡ ತೊಂದರೆ. ಪ್ರತಿ ಫ್ರೆಟ್ಟೂ ಒಂದೊಂದು ಬೆಣೆ. ಇಪ್ಪತ್ತು ಬೆಣೆ ಸಾಲಾಗಿ ಹೊಡೆದರೆ ಬೋರ್ಡಿನ ಮೇಲ್ಮೈ ಉದ್ದವಾಗಿ ಇಡೀ ನೆಕ್ಕು ಹಿಂದಕ್ಕೆ ಬಾಗುತ್ತದೆ. ಸಪಾಟಾಗಿದ್ದ ನೆಕ್ಕು ಫ್ರೆಟ್ಟು ಹೊಡೆದ ಮೇಲೆ ಯಾಕೆ ಬೆನ್ನು ಬಾಗಿಸಿತು ಅಂತ ತಲೆ ಕೆಡಿಸಿಕೊಳ್ಳುವವರಿಗೆ ಹೆಚ್ಚಿನ ಸಲ ಉತ್ತರ ಇದೇ.

ಬೋರ್ಡು ನಡುವೆ 6 ಮಿ.ಮೀ. ದಪ್ಪ. ನಟ್ಟಿನಲ್ಲಿ 44 ಅಗಲ, ಹನ್ನೆರಡರಲ್ಲಿ 55. ಅದೇ ಓರೆ ಮುಂದುವರಿದರೆ ಹದಿನಾಲ್ಕರಲ್ಲಿ 56.2, ಇಪ್ಪತ್ತರಲ್ಲಿ 59 ಬರುತ್ತದೆ. ಗೀಟುಗಳನ್ನು ಮೊದಲು ಕೊಯ್ಯಿರಿ, ಓರೆ ಆಮೇಲೆ. ಬೋರ್ಡು ಚೌಕವಾಗಿದ್ದಾಗ ಮಾತ್ರ ಮೂಲಮಟ್ಟ ಸರಿಯಾಗಿ ಕೂರುತ್ತದೆ. ಮತ್ತೆ ಅದೇ ಮಾತು.

ಬೋರ್ಡನ್ನು ದಂಡಕ್ಕೆ ಅಂಟಿಸುವಾಗ ನೀರಿನ ಅಂಟು ಬೇಡ. ತೆಳುವಾದ ಬೋರ್ಡಿನ ಒಂದು ಮುಖಕ್ಕೆ ಮಾತ್ರ ನೀರು ತಾಗಿದರೆ ಆ ಮುಖ ಹಿಗ್ಗುತ್ತದೆ, ಅಂಟು ಹಿಡಿದ ಮೇಲೆ ನೆಕ್ಕು ಆ ಬಾಗನ್ನು ಹೊತ್ತೇ ಇರುತ್ತದೆ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯಲ್ಲಿ ನೀರಿಲ್ಲ. ರಾಡಿನ ಮೇಲೆ ಒಂದು ತೆಳು ಟೇಪು ಅಂಟಿಸಿ, ಎಪಾಕ್ಸಿ ಬಳಿದು, ಬೋರ್ಡು ಕೂರಿಸುವ ಮುನ್ನ ಆ ಟೇಪನ್ನು ಎಳೆದು ತೆಗೆಯಿರಿ. ರಾಡಿನ ಮೇಲೆ ಅಂಟು ಇರುವುದಿಲ್ಲ. ಬೋರ್ಡಿನ ಮೇಲೆ ಉದ್ದಕ್ಕೂ ನೇರವಾದ ದಪ್ಪ ಪಟ್ಟಿ ಇಟ್ಟು ಎಂಟು ಕ್ಲಾಂಪು, ನಡುವಿನಿಂದ ಎರಡೂ ತುದಿಗೆ ಬಿಗಿಯುತ್ತಾ ಹೋಗಿ.

ಒಂದು ವಾರ ಬಿಟ್ಟು ಮೇಲ್ಮೈ ಮಟ್ಟ ನೋಡಿ. ಮಟ್ಟಕ್ಕೆ ಕುಷ್ಟಗಿ ಕಡೆ ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಉಳಿದ ಪಟ್ಟಿ ತಂದುಕೊಳ್ಳಿ, ಎರಡು ಅಡಿ ಉದ್ದ, ನಾಲ್ಕು ಇಂಚು ಅಗಲ. ಪಾಲಿಶ್ ಮುಖಕ್ಕೆ 120ರ ಉಜ್ಜುಕಾಗದ ಅಂಟಿಸಿದರೆ ಒಳ್ಳೆಯ ಮಟ್ಟದ ಕಲ್ಲು. ಬೋರ್ಡಿನ ಮೇಲೆಲ್ಲ ಬಿಳಿ ಪೆನ್ಸಿಲಿನಿಂದ ಗೀಚಿ ಉಜ್ಜಿ, ಗೀಚು ಎಲ್ಲಿ ಉಳಿಯುತ್ತದೋ ಅಲ್ಲಿ ತಗ್ಗು. ಮಟ್ಟ ಬಂದ ಮೇಲೆ ತುಸು ಗುಮ್ಮಟದ ಬಾಗು ಕೊಡಬೇಕು, 400 ಮಿ.ಮೀ. ತ್ರಿಜ್ಯ.

ಫ್ರೆಟ್ಟು ಹೊಡೆಯುವುದನ್ನು ಹಿಂಭಾಗ ಕೆತ್ತುವ ಮುಂಚೆಯೇ ಮಾಡಿ. ಹಿಂಭಾಗ ಚಪ್ಪಟೆ ಇದ್ದಾಗ ನೆಕ್ಕು ಬೆಂಚಿನ ಮೇಲೆ ಗಟ್ಟಿಯಾಗಿ ಕೂರುತ್ತದೆ, ಸುತ್ತಿಗೆಯ ಪೆಟ್ಟು ನೇರ ಇಳಿಯುತ್ತದೆ. ಇಪ್ಪತ್ತು ಫ್ರೆಟ್ಟಿಗೆ ಒಂದೂವರೆ ಮೀಟರ್ ತಂತಿ ತೆಗೆದುಕೊಳ್ಳಿ. ತಂತಿಯ ಬಾಗು ಬೋರ್ಡಿನ ಬಾಗಿಗಿಂತ ಸ್ವಲ್ಪ ಹೆಚ್ಚಿರಲಿ. ಮೊದಲು ಎರಡು ತುದಿ, ಆಮೇಲೆ ನಡುವಿನ ಪೆಟ್ಟು. ನಡು ಕೆಳಗಿಳಿದಂತೆ ಕಾಲಿನ ಮುಳ್ಳುಗಳು ಮಗ್ಗುಲಿಗೆ ಸರಿದು ಮರವನ್ನು ಕಚ್ಚುತ್ತವೆ. ಕೂತಾಗ ಪೆಟ್ಟಿನ ಸದ್ದು ಬದಲಾಗುತ್ತದೆ, ಟಣ್ ಅನ್ನುವುದು ಹೋಗಿ ದಪ್ಪ ಸದ್ದು ಬರುತ್ತದೆ.

ಹಿಂಭಾಗ ಕೆತ್ತುವುದು

ಈಗ ದುಂಡಗೆ ಮಾಡುವ ಕಾಲ ಬಂತು. ಅಳತೆ ಎರಡೇ: ಬೋರ್ಡು ಸೇರಿ ಮೊದಲ ಫ್ರೆಟ್ಟಿನಲ್ಲಿ 21 ಮಿ.ಮೀ., ಹತ್ತರಲ್ಲಿ 23. ಬೋರ್ಡು 6 ಕಳೆದರೆ ಮೊದಲ ಫ್ರೆಟ್ಟಿನಲ್ಲಿ ಮರ 15. ಅದರಲ್ಲಿ ರಾಡಿನ ಗ್ರೂವ್ 10 ಹೋದರೆ ಉಳಿಯುವುದು 5. ನಾಲ್ಕಕ್ಕಿಂತ ಕೆಳಗೆ ಇಳಿದರೆ ರಾಡು ತಿರುಗಿಸಿದ ದಿನ ಹಿಂಭಾಗ ಬಿರಿಯುತ್ತದೆ. ಈ ಲೆಕ್ಕವನ್ನು ಬೆಂಚಿನ ಮುಂದೆ ಬರೆದು ಅಂಟಿಸಿ.

ಇಡೀ ನೆಕ್ಕನ್ನು ಒಮ್ಮೆಲೇ ಉಜ್ಜಲು ಹೋಗಬೇಡಿ. ಒಂದನೆಯ ಮತ್ತು ಹತ್ತನೆಯ ಫ್ರೆಟ್ಟಿನ ಹಿಂದೆ ಎರಡು ಇಂಚು ಅಗಲದ ಜಾಗವನ್ನು ಮಾತ್ರ ಅರದಿಂದ ಪೂರ್ತಿ ಆಕಾರಕ್ಕೆ ತನ್ನಿ. ತೆಳು ಪ್ಲೈಯಲ್ಲಿ ಕೊಯ್ದ ಅಚ್ಚು ಇಟ್ಟು ನೋಡುತ್ತಾ ಹೋಗಿ. ಆ ಎರಡು ಸರಿಯಾದ ಮೇಲೆ ನಡುವಿನ ಮರ ತೆಗೆಯುವುದು ಸುಲಭ, ದಾರಿ ಗೊತ್ತಾಗಿರುತ್ತದೆ. ಅದೂ ದುಂಡಗೆ ಅಲ್ಲ, ಮೊದಲು ಮುಖ ಮುಖವಾಗಿ: ಎರಡೂ ಮೂಲೆಯನ್ನು 45 ಡಿಗ್ರಿಗೆ ತೆಗೆದರೆ ಮೂರು ಮುಖ, ಮತ್ತೆ ಅವುಗಳ ಮೂಲೆ ತೆಗೆದರೆ ಐದು. ಪ್ರತಿ ಮುಖದ ಉದ್ದಕ್ಕೂ ಸ್ಕೇಲು ಇಟ್ಟು ನೇರ ಇದೆಯೇ ನೋಡಬಹುದು. ದುಂಡಗಾದ ಮೇಲೆ ನೋಡಲು ಆಗುವುದಿಲ್ಲ.

ಕೊನೆಯ ಹಂತದಲ್ಲಿ ದೀಪ ಆರಿಸಿ, ಕಿಟಕಿಯ ಕಡೆ ನೆಕ್ಕಿನ ತುದಿ ಮಾಡಿ ನಿಧಾನವಾಗಿ ಹೊರಳಿಸಿ. ಪಕ್ಕದಿಂದ ಬೀಳುವ ಬೆಳಕಿನಲ್ಲಿ ನೆರಳಿನ ಗೆರೆ ನೂಲು ಎಳೆದಂತೆ ನೇರ ಸಾಗಬೇಕು. ಎಲ್ಲಿ ನೆರಳು ಅಲೆಯಾಗುತ್ತದೋ ಅಲ್ಲಿ ಉಬ್ಬು. ಕಣ್ಣು ಮುಚ್ಚಿ ಹೆಬ್ಬೆರಳು ಓಡಿಸಿದರೂ ಅದೇ ಜಾಗದಲ್ಲಿ ತಡೆಯುತ್ತದೆ.

ಕೆತ್ತಿದ ಮೇಲೆ ಮರದೊಳಗಿನ ಬಿಗಿ ಬಿಡುತ್ತದೆ, ನೆಕ್ಕು ಸ್ವಲ್ಪ ಕದಲುತ್ತದೆ. ಒಂದು ವಾರ ನೇತುಹಾಕಿ, ಆಮೇಲೆ ಫ್ರೆಟ್ಟುಗಳ ತಲೆಯನ್ನು ಕಲ್ಲಿನ ಪಟ್ಟಿಯಿಂದ ಸಮ ಮಾಡಿ. ಮೊದಲೇ ಸಮ ಮಾಡಿದ್ದರೆ ಆ ಕೆಲಸ ಎರಡು ಸಲ.

ಕೂರಿಸುವುದು

ನೆಕ್ಕನ್ನು ಶರೀರಕ್ಕೆ ಬೋಲ್ಟು ಹಾಕಿ, ಫ್ರೆಟ್ಟುಗಳ ಮೇಲೆ ಉದ್ದ ಪಟ್ಟಿ ಇಡಿ. ಅದರ ತುದಿ ಬ್ರಿಜ್ಜಿನ ಮರದ ನೆತ್ತಿಯನ್ನು ಸವರಿಕೊಂಡು ಹೋಗಬೇಕು. ಕೆಳಗೆ ಹೊಡೆದರೆ ತಂತಿ ಎತ್ತರವಾಗುತ್ತದೆ, ಹಿಮ್ಮಡಿಯ ಕೆಳತುದಿಯಲ್ಲಿ ಮರ ತೆಗೆಯಬೇಕು. ಮೇಲೆ ಹಾರಿದರೆ ಮೇಲಿನ ಅಂಚಿನ ಕಡೆ. ಹದಿನಾಲ್ಕನೆಯ ಫ್ರೆಟ್ಟಿನಿಂದ ಬ್ರಿಜ್ಜಿಗೆ 287 ಮಿ.ಮೀ., ಹಿಮ್ಮಡಿ 95. ಆದ್ದರಿಂದ ಹಿಮ್ಮಡಿಯ ತುದಿಯಲ್ಲಿ 1 ಮಿ.ಮೀ. ತೆಗೆದರೆ ಬ್ರಿಜ್ಜಿನ ಹತ್ತಿರ 3 ಮಿ.ಮೀ. ಬದಲಾಗುತ್ತದೆ. ಅದಕ್ಕೆ ಇಲ್ಲಿ ಉಳಿ ಬೇಡ. 120ರ ಉಜ್ಜುಕಾಗದದ ಉದ್ದ ಪಟ್ಟಿಯನ್ನು ಒರಟು ಮುಖ ಹಿಮ್ಮಡಿಯ ಕಡೆ ಮಾಡಿ ಸಂದಿಯಲ್ಲಿ ಇಟ್ಟು, ನೆಕ್ಕನ್ನು ಶರೀರಕ್ಕೆ ಒತ್ತಿ ಹಿಡಿದು, ಕಾಗದವನ್ನು ಹೊರಗೆ ಎಳೆಯಿರಿ. ಎಡಕ್ಕೆ ಐದು ಎಳೆತ, ಬಲಕ್ಕೆ ಐದು. ಮತ್ತೆ ಫ್ರೆಟ್ಟುಗಳ ಮೇಲೆ ಪಟ್ಟಿ ಇಟ್ಟು ನೋಡಿ. ಎರಡು ಕಡೆಯ ಎಣಿಕೆ ತಪ್ಪಿದರೆ ನೆಕ್ಕು ಒಂದು ಮಗ್ಗುಲಿಗೆ ತಿರುಗಿ ತಂತಿ ಬೋರ್ಡಿನ ಅಂಚಿಗೆ ಹೋಗುತ್ತದೆ.

ನಟ್ಟಿಗೆ 6 ಮಿ.ಮೀ. ದಪ್ಪದ ಎಲುಬು. ಹೊರಗಿನ ಎರಡು ತಂತಿಗಳ ನಡುವೆ 38 ಮಿ.ಮೀ. ಮೂರನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದಾಗ ಮೊದಲ ಫ್ರೆಟ್ಟಿನ ಮೇಲೆ ಒಂದು ಕಾಗದ ತೂರುವಷ್ಟು ಸಂದು ಉಳಿಯಬೇಕು.

ಸಭೆಯ ಪ್ರಶ್ನೆಗಳು

“ಸರ್, ಬೇವಿನ ಮರದಾಗ ಮಾಡಬಹುದೇನ್ರಿ? ನಮ್ಮ ಹೊಲದಾಗ ಐತಿ.”

ಮಾಡಬಹುದು, ಆದರೆ ಬೇವಿನಲ್ಲಿ ಎಳೆ ಒಂದು ದಿಕ್ಕಿಗೆ ಹೋಗಿ ಮತ್ತೆ ತಿರುಗುತ್ತದೆ, ಒಣಗುವಾಗ ತಿರುಚುತ್ತದೆ. ಕಡಿದ ಮೇಲೆ ಎರಡು ವರ್ಷವಾದರೂ ಒಣಗಬೇಕು. ನೇರ ಎಳೆಯ ತುಂಡು ಸಿಕ್ಕರೆ ಉದ್ದಕ್ಕೆ ಮೂರು ಪಟ್ಟಿ ಸೀಳಿ, ನಡುವಿನದನ್ನು ತುದಿ ಬದಲಾಯಿಸಿ ಅಂಟಿಸಿ. ಒಂದು ತಿರುಚಲು ಹೋದರೆ ಪಕ್ಕದ್ದು ತಡೆಯುತ್ತದೆ.

“ಹಿಂಭಾಗಕ್ಕೆ ಯಾವ ಪಾಲಿಶ್?”

ಸ್ಪಿರಿಟಿನಲ್ಲಿ ಕರಗಿಸಿದ ಅರಗು ಚೆಂದ ಕಾಣುತ್ತದೆ, ಆದರೆ ಇಲ್ಲಿನ ಸೆಕೆಗೆ ಕೈ ಬೆವರಿ ಅಂಟಂಟಾಗುತ್ತದೆ. ನೆಕ್ಕಿಗೆ ಟಂಗ್ ಎಣ್ಣೆ ತೆಳುವಾಗಿ ನಾಲ್ಕು ಕೈ, ಕೈ ಕೈಗೆ ಒಂದು ದಿನ ಬಿಟ್ಟು. ಮೊದಲ ಕೈಗೆ ಮುನ್ನ ಒದ್ದೆ ಬಟ್ಟೆಯಿಂದ ಒರೆಸಿ ಎಳೆ ಏಳಲು ಬಿಟ್ಟು, ಆರಿದ ಮೇಲೆ 320ರಲ್ಲಿ ಉಜ್ಜಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ತಂತಿಯ ಮೇಲೆ ಒಣಹಾಕಿ.

“ಮೇ ತಿಂಗಳಾಗ ಫ್ರೆಟ್ಟಿನ ತುದಿ ಹೊರಗ ಬಂದಾವ್ರಿ, ಈಗ ಅರದ್ಲೆ ತಿಕ್ಕಿಬಿಡ್ಲೇನು?”

ಈಗಲೇ ಬೇಡ. ಮೊದಲು ಗಿಟಾರನ್ನು ಪೆಟ್ಟಿಗೆಯೊಳಗಿಟ್ಟು, ಸೋಪಿನ ಡಬ್ಬಿಗೆ ತೂತು ಮಾಡಿ ಹಿಂಡಿದ ಸ್ಪಂಜು ಹಾಕಿ ತಲೆಯ ಪಕ್ಕ ಇಡಿ. ನೀರು ತೊಟ್ಟಿಕ್ಕಬಾರದು. ಎರಡು ಮೂರು ವಾರದಲ್ಲಿ ಬೋರ್ಡು ಮತ್ತೆ ತೇವ ಕುಡಿದು ಹಿಗ್ಗುತ್ತದೆ. ಆಮೇಲೂ ತುದಿ ಕೈಗೆ ತಾಗಿದರೆ ಬೋರ್ಡಿನ ಅಂಚಿಗೆ ಟೇಪು ಹಚ್ಚಿ, ಸಣ್ಣ ಹಲ್ಲಿನ ಅರವನ್ನು ಉದ್ದಕ್ಕೆ ಒರಗಿಸಿ, ಟೇಪು ಸವೆಯಲು ಶುರುವಾಗುವವರೆಗೆ ಮಾತ್ರ ತಿಕ್ಕಿ.